ಹಸಿದವನು ನಡೆಸಿದ ಭೋಜನಶಾಲೆ

ಬಹಳ ವರ್ಷಗಳ ಹಿಂದಿನ ಮಾತು. ಮುಂಬಯಿಯ ಮಾಟುಂಗಾದ ಒಂದು ಉಪಾಹಾರಗೃಹದಲ್ಲಿ ನಮಗೆ ಪರಿಚಿತರಾದ ಸಿಹಿತಿಂಡಿಯ ಭಟ್ಟರೊಬ್ಬರಿದ್ದರು. ಮೈಸೂರುಪಾಕಿನ ಪಾಕ ಹದಕ್ಕೆ ಬಂದಿತೋ ಇಲ್ಲವೋ ಎಂಬುದನ್ನು ಅವರು ಬಾಣಲೆಯಿಂದ ಏಳುವ ಪರಿಮಳದಿಂದಲೇ ನಿಶ್ಚಯಿಸುತ್ತಿದ್ದರು. ನಾಲಗೆಯ ಮೇಲೆ ಒಂದು ಚೂರನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಇದು ಕಸುಬಿನ ಗತ್ತೆಂದು ನಾವು ಬಹುಕಾಲ ಭಾವಿಸಿದ್ದೆವು. ಒಂದು ದಿನ ಗಲ್ಲಾದಲ್ಲಿ ಕುಳಿತಿದ್ದ ಧಣಿಗಳೇ ಮೆಲ್ಲಗೆ ಹೇಳಿದರು: “ಭಟ್ಟರಿಗೆ ಸಕ್ಕರೆ ಕಾಯಿಲೆ ಮಾರಾಯ್ರೇ. ಹನ್ನೆರಡು ವರ್ಷವಾಯಿತು. ತಾವು ಮಾಡಿದ್ದನ್ನು ತಾವು ತಿಂದವರಲ್ಲ.” ಅಂದಿನಿಂದ ಆ ಅಂಗಡಿಯ ಮೈಸೂರುಪಾಕು ನಮ್ಮ ಬಾಯಲ್ಲಿ ಮೊದಲಿನಂತೆ ಕರಗಲಿಲ್ಲ.

ಆ ಭಟ್ಟರ ನೆನಪು ಈಚೆಗೆ ಮತ್ತೆ ಬಂದದ್ದು ಸಮುದ್ರದಾಚೆಯ ಒಂದು ಭೋಜನಶಾಲೆಯ ಚರಿತ್ರೆಯನ್ನು ಓದುತ್ತಿದ್ದಾಗ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಲಾಸ್ ಏಂಜಲಿಸ್ ಮಹಾನಗರದ ಮಗ್ಗುಲಿನಲ್ಲಿ, ಆರ್ಕೇಡಿಯಾ ಎಂಬ ಊರಿದೆ. ಅಲ್ಲಿಯ ಹಂಟಿಂಗ್ಟನ್ ರಸ್ತೆಯಲ್ಲಿ ‘ದ ಡರ್ಬಿ’ ಎಂಬ ಹೆಸರಿನಿಂದ ಖ್ಯಾತಿ ಪಡೆದ ಭೋಜನಶಾಲೆಯನ್ನು 1938ನೆಯ ಇಸವಿಯಲ್ಲಿ ಕೊಂಡವನು ಒಬ್ಬ ಜಾಕಿ, ಎಂದರೆ ಪಂದ್ಯದ ಕುದುರೆಯ ಸವಾರ. ಹೊಟ್ಟೆ ತುಂಬ ಉಣ್ಣುವುದು ಯಾವ ಕಸುಬಿನಲ್ಲಿ ಅಪರಾಧವೋ ಆ ಕಸುಬಿನವನು ಹೊಟ್ಟೆ ತುಂಬ ಉಣಬಡಿಸುವ ಮನೆಗೆ ಯಜಮಾನನಾದ. ಸಾಲದುದಕ್ಕೆ ಅವನಿಗೂ ನಮ್ಮ ಭಟ್ಟರದೇ ಕಾಯಿಲೆ.

ಮುಂದುವರಿಯುವ ಮೊದಲು ಒಂದು ಅರಿಕೆ. ಈ ಭೋಜನಶಾಲೆ ಅಮೆರಿಕದವರು ‘ಸ್ಟೇಕ್‌ಹೌಸ್’ ಎಂದು ಕರೆಯುವ ಜಾತಿಯದು. ಅಲ್ಲಿಯ ಮುಖ್ಯ ಭಕ್ಷ್ಯ ದನದ ಮಾಂಸದ ದಪ್ಪ ತುಂಡು. ನಮ್ಮ ವಾಚಕರಲ್ಲಿ ಅನೇಕರು ಉಡುಪಿಯ ಶುದ್ಧ ಸಸ್ಯಾಹಾರದ ಅಡಿಗೆಮನೆಗಳಲ್ಲಿ ಕೈ ಪಳಗಿಸಿದವರು. ಕೆಲವರಿಗೆ ಈ ಮಾತೇ ಅಸಹ್ಯವಾದೀತು. ಅಂಥವರು ಮೂಗು ಮುಚ್ಚಿಕೊಂಡಾದರೂ ಕೊನೆಯ ತನಕ ಬರಬೇಕೆಂದು ವಿನಂತಿ. ತಟ್ಟೆಯಲ್ಲಿರುವುದು ಯಾವುದೇ ಆಗಲಿ, ಅದನ್ನು ಹೊತ್ತು ತರುವವನ ಕಾಲು ನೋವು ಎಲ್ಲ ದೇಶದಲ್ಲಿಯೂ ಒಂದೇ.

ಮೊದಲು ಊರಿನ ಕಥೆ. ಆರ್ಕೇಡಿಯಾ ಹುಟ್ಟಿದ್ದೇ ಕುದುರೆಯ ನೆರಳಿನಲ್ಲಿ. ಗಣಿಯ ಷೇರುಗಳಿಂದ ಶ್ರೀಮಂತನಾಗಿ ‘ಅದೃಷ್ಟಶಾಲಿ’ ಎಂಬ ಅಡ್ಡಹೆಸರು ಪಡೆದ ಇಲಾಯಸ್ ಬಾಲ್ಡ್‌ವಿನ್ ಎಂಬವನು ಅಲ್ಲಿಯ ಸಾಂತಾ ಅನಿಟಾ ಎಂಬ ವಿಶಾಲವಾದ ಜಹಗೀರಿನಲ್ಲಿ ಪಂದ್ಯದ ಕುದುರೆಗಳನ್ನು ಸಾಕಿದ. 1903ರಲ್ಲಿ ಊರು ಪುರಸಭೆಯಾದಾಗ ಮೊದಲನೆಯ ಮೇಯರನೂ ಅವನೇ. ಆದರೆ 1909ರಲ್ಲಿ ಆ ಪ್ರಾಂತದ ಸರಕಾರ ಕುದುರೆಯ ಮೇಲೆ ಪಣ ಕಟ್ಟುವುದನ್ನು ನಿಷೇಧಿಸಿತು. ಅದೇ ವರ್ಷ ಬಾಲ್ಡ್‌ವಿನ್ನನೂ ತೀರಿಕೊಂಡ. 1920ರಲ್ಲಿ ದೇಶಕ್ಕೆಲ್ಲ ಪಾನನಿಷೇಧವೂ ಬಂದಿತು. ಜೂಜು ಬೇಕಾದವರೂ ಮದ್ಯ ಬೇಕಾದವರೂ ಗಡಿ ದಾಟಿ ಮೆಕ್ಸಿಕೋದ ತಿಹುವಾನಾ ಪಟ್ಟಣಕ್ಕೆ ಓಡತೊಡಗಿದರು. ಈಗ ಜಗತ್ತಿನ ದೊಡ್ಡ ಹೋಟೆಲುಗಳಲ್ಲೆಲ್ಲ ಸಿಗುವ ‘ಸೀಸರ್ ಸಲಾಡ್’ ಎಂಬ ಹಸಿಸೊಪ್ಪಿನ ಭಕ್ಷ್ಯ ಆ ನೂಕುನುಗ್ಗಲಿನಲ್ಲಿಯೇ, 1924ರಲ್ಲಿ, ತಿಹುವಾನಾದ ಸೀಸರ್ ಕಾರ್ಡಿನಿ ಎಂಬ ಹೋಟೆಲಿನವನ ಕೈಯಲ್ಲಿ ಹುಟ್ಟಿತೆಂದು ಪ್ರತೀತಿ. ಪಕ್ಕದ ದೇಶದಲ್ಲಿ ನಿಷೇಧ ಬಂದರೆ ಹೋಟೆಲಿನವನಿಗೆ ಸುಗ್ಗಿ.

1933ರಲ್ಲಿ ಕ್ಯಾಲಿಫೋರ್ನಿಯಾ ಮತ್ತೆ ಪಣಕ್ಕೆ ಅನುಮತಿ ಕೊಟ್ಟಿತು. ಮರುವರ್ಷ, 1934ರ ಕ್ರಿಸ್ಮಸ್ಸಿನ ದಿನ, ಆರ್ಕೇಡಿಯಾದಲ್ಲಿ ಸಾಂತಾ ಅನಿಟಾ ರೇಸ್‌ಕೋರ್ಸು ತೆರೆಯಿತು. ಬೆನ್ನಿಗೆ ಸಾನ್ ಗೇಬ್ರಿಯಲ್ ಪರ್ವತಗಳ ಸಾಲು, ಮುಂದೆ ಹಸಿರು ಬಯಲು. ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿನಿಂದ ನರಳುತ್ತಿದ್ದ ಕಾಲದಲ್ಲಿ ಅಲ್ಲಿ ಒಂದೇ ಪಂದ್ಯಕ್ಕೆ 1,00,000 ಡಾಲರುಗಳ ಬಹುಮಾನವನ್ನು ಸಾರಿದರು. 1935ರ ಫೆಬ್ರವರಿಯಲ್ಲಿ ಆ ಪಂದ್ಯ ಮೊದಲ ಬಾರಿಗೆ ನಡೆದಾಗ ಗೆದ್ದ ಕುದುರೆಯ ಹೆಸರು ಅಜುಕಾರ್. ಅದರ ಬೆನ್ನ ಮೇಲೆ ಕುಳಿತಿದ್ದವನೇ ನಮ್ಮ ಕಥಾನಾಯಕನಾದ ಜಾರ್ಜ್ ವುಲ್ಫ್. ಅಜುಕಾರ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಸಕ್ಕರೆ. ಮಧುಮೇಹಿಯೊಬ್ಬನು ತನ್ನ ಭಾಗ್ಯದ ಬಾಗಿಲನ್ನು ಸಕ್ಕರೆಯ ಬೆನ್ನೇರಿ ತಲಪಿದನೆಂದು ಕಾದಂಬರಿಕಾರನು ಬರೆದಿದ್ದರೆ ನಾವು ನಗುತ್ತಿದ್ದೆವು.

ವುಲ್ಫ್ ಹುಟ್ಟಿದ್ದು 1910ರಲ್ಲಿ, ಕೆನಡಾ ದೇಶದ ಆಲ್ಬರ್ಟಾ ಪ್ರಾಂತದ ಕಾರ್ಡ್‌ಸ್ಟನ್ ಎಂಬ ಸಣ್ಣ ಊರಿನಲ್ಲಿ. ತಾಯಿ ಸರ್ಕಸ್ಸಿನಲ್ಲಿ ಕುದುರೆಸವಾರಿ ಮಾಡಿದವಳು. ತಂದೆಯೂ ಕುದುರೆ ಪಳಗಿಸುವವನು. ನಡೆಯಲು ಕಲಿಯುವ ಮೊದಲೇ ಸವಾರಿ ಕಲಿತನೆಂದು ಹೇಳಿದರೆ ಉತ್ಪ್ರೇಕ್ಷೆ ಬಹಳ ಇರಲಾರದು. ಪಂದ್ಯದ ಅತ್ಯಂತ ಇಕ್ಕಟ್ಟಿನ ಗಳಿಗೆಯಲ್ಲಿಯೂ ಎದೆ ತಣ್ಣಗಿಟ್ಟುಕೊಂಡಿರುತ್ತಿದ್ದನಾದ್ದರಿಂದ ಅವನಿಗೆ ‘ಐಸ್‌ಮ್ಯಾನ್’ ಎಂದು ಹೆಸರಿಟ್ಟರು. ತರುಣನಾಗಿದ್ದಾಗಲೇ ಅವನಿಗೆ ಮಧುಮೇಹ ಅಂಟಿಕೊಂಡಿತು. ವೃದ್ಧರಿಗೆ ಬರುವ, ಪಥ್ಯದಿಂದ ಹಿಡಿತಕ್ಕೆ ಬರುವ ಬಗೆಯದಲ್ಲ. ಇನ್‌ಸುಲಿನ್ ಚುಚ್ಚಿಕೊಳ್ಳದೆ ಬದುಕಲಾಗದ ಬಗೆಯದು.

ಇಲ್ಲಿ ಜಾಕಿಗಳ ಜೀವನಕ್ರಮವನ್ನು ಸ್ವಲ್ಪ ವಿವರಿಸಬೇಕು. ರೇಸಿನಲ್ಲಿ ಪ್ರತಿ ಕುದುರೆಯೂ ಹೊರಬೇಕಾದ ಭಾರವನ್ನು ಮೊದಲೇ ಗೊತ್ತುಪಡಿಸಿರುತ್ತಾರೆ. ಸವಾರ, ಅವನ ಬಟ್ಟೆ, ಜೀನು ಎಲ್ಲವೂ ಸೇರಿ ಆ ತೂಕ. ಓಟಕ್ಕೆ ಮೊದಲು ಒಮ್ಮೆ, ಓಟ ಮುಗಿದ ಬಳಿಕ ಮತ್ತೊಮ್ಮೆ ತಕ್ಕಡಿ ಏರಬೇಕು. ತೂಕ ಹೆಚ್ಚಾದವನಿಗೆ ಆ ದಿನದ ಸವಾರಿ ತಪ್ಪಿತು, ಸಂಬಳವೂ ತಪ್ಪಿತು. ಆದ್ದರಿಂದ ಐವತ್ತೆರಡು ಐವತ್ತಮೂರು ಕಿಲೋ ತೂಕದೊಳಗೆ ದೇಹವನ್ನು ಹಿಡಿದಿಡಲು ಆ ಕಾಲದ ಜಾಕಿಗಳು ಮಾಡದ ಕಷ್ಟವಿರಲಿಲ್ಲ. ಸುಡುಬಿಸಿಲಿನಲ್ಲಿ ಉಣ್ಣೆಯ ಬಟ್ಟೆಯ ಮೇಲೆ ಉಣ್ಣೆಯ ಬಟ್ಟೆ ಹೊದ್ದು ಓಡುವುದು, ಉಗಿಯ ಕೋಣೆಯಲ್ಲಿ ಕುಳಿತು ಬೆವರು ಬಸಿಯುವುದು, ಭೇದಿಯ ಔಷಧ ಕುಡಿಯುವುದು, ತಿಂದುದನ್ನು ಬೆರಳಿಟ್ಟು ಕಕ್ಕುವುದು. ಹೀಗೆ ಒಣಗಿದ ದೇಹವನ್ನು ಅರ್ಧ ಟನ್ನು ತೂಗುವ, ಗಂಟೆಗೆ ಅರುವತ್ತು ಕಿಲೋಮೀಟರು ವೇಗದಲ್ಲಿ ಓಡುವ ಪ್ರಾಣಿಯ ಮೇಲೆ ಕೂರಿಸಿ, “ಎಚ್ಚರ ತಪ್ಪಬೇಡ” ಎಂದು ಹೇಳುವುದು.

ಸಾಮಾನ್ಯ ಜಾಕಿಗೇ ಇದು ಪ್ರಾಣಸಂಕಟ. ಇನ್‌ಸುಲಿನ್ ತೆಗೆದುಕೊಳ್ಳುವವನ ಪಾಡು ಬೇರೆಯೇ. ಚುಚ್ಚುಮದ್ದು ತೆಗೆದುಕೊಂಡ ಮೇಲೆ ತಕ್ಕಷ್ಟು ಉಣ್ಣದಿದ್ದರೆ ರಕ್ತದ ಸಕ್ಕರೆ ಕೆಳಗಿಳಿಯುತ್ತದೆ; ಮೈ ಬೆವೆತು, ಕೈ ನಡುಗಿ, ಕಣ್ಣು ಕತ್ತಲೆಗಟ್ಟಿ ಮನುಷ್ಯ ಬೀಳುತ್ತಾನೆ. ವೈದ್ಯಶಾಸ್ತ್ರ ಉಣ್ಣು ಎನ್ನುತ್ತದೆ, ತಕ್ಕಡಿ ಉಣ್ಣಬೇಡ ಎನ್ನುತ್ತದೆ. ವುಲ್ಫ್ ಈ ಎರಡರ ನಡುವೆ ಹತ್ತು ಹದಿನೈದು ವರ್ಷ ಬಾಳಿದ. ಇತರ ಜಾಕಿಗಳಂತೆ ದಿನವಿಡೀ ಸವಾರಿ ಮಾಡದೆ, ಆಯ್ದ ಕೆಲವೇ ಪಂದ್ಯಗಳಲ್ಲಿ ಓಡಿದ. ಆದರೂ 1942ರಲ್ಲಿ ಒಮ್ಮೆ, 1944ರಲ್ಲಿ ಮತ್ತೊಮ್ಮೆ, ಬಹುಮಾನದ ಹಣದ ಲೆಕ್ಕದಲ್ಲಿ ಅಮೆರಿಕದ ಎಲ್ಲ ಜಾಕಿಗಳಿಗಿಂತ ಮುಂದಿದ್ದ.

ಇನ್ನು ಅವನು ಕೊಂಡ ಮನೆಯ ವಿಚಾರ. 1922ರಲ್ಲಿ ‘ಪ್ರಾಕ್ಟರ್ಸ್ ಟ್ಯಾವರ್ನ್’ ಎಂಬ ಹೆಸರಿನಲ್ಲಿ ಆರಂಭವಾದ ತಿನಿಸುಮನೆ ಅದು. ಇನ್‌ಸುಲಿನ್ನನ್ನು ಟೊರೊಂಟೊ ನಗರದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಕೊಟ್ಟದ್ದೂ 1922ರಲ್ಲಿಯೇ. ಆ ಔಷಧ ಆಗ ತಯಾರಾಗುತ್ತಿದ್ದುದು ಯಾವುದರಿಂದ ಬಲ್ಲಿರಾ? ಕಸಾಯಿಖಾನೆಯಲ್ಲಿ ಕಡಿದ ದನ ಹಂದಿಗಳ ಮೇದೋಜೀರಕ ಗ್ರಂಥಿಯಿಂದ. ಯಾವ ಪ್ರಾಣಿಯ ಮಾಂಸ ಅವನ ಗಿರಾಕಿಗಳ ತಟ್ಟೆಗೆ ಹೋಗುತ್ತಿತ್ತೋ ಆ ಜಾತಿಯ ಪ್ರಾಣಿಯೇ ಅವನ ಜೀವವನ್ನೂ ಸೂಜಿಯ ಮೂಲಕ ಕಾಯುತ್ತಿತ್ತು.

ಸ್ಟೇಕ್‌ಹೌಸೆಂಬುದು ಅಮೆರಿಕದಲ್ಲಿ ನಮ್ಮ ಉಡುಪಿ ಹೋಟೆಲಿನಂತೆ ಒಂದು ಸಂಪ್ರದಾಯ. ನ್ಯೂಯಾರ್ಕಿನ ‘ಓಲ್ಡ್ ಹೋಮ್‌ಸ್ಟೆಡ್’ 1868ರದು, ‘ಕೀನ್ಸ್’ 1885ರದು, ‘ಪೀಟರ್ ಲೂಗರ್’ 1887ರದು. ಅಲ್ಲಿ ತಿಂಡಿಗಳ ಪಟ್ಟಿ ಉದ್ದವಾಗಿದ್ದರೆ ಹಳಬರು ಅನುಮಾನಪಡುತ್ತಾರೆ. ನಾಲ್ಕೈದು ಬಗೆಯ ತುಂಡು, ಜೊತೆಗೆ ಇಡಿಯಾಗಿ ಸುಟ್ಟ ಆಲೂಗಡ್ಡೆ, ಅದರ ಮೇಲೆ ಬೆಣ್ಣೆ, ಬೆಳ್ಳುಳ್ಳಿ ಸವರಿದ ರೊಟ್ಟಿ, ಸೊಪ್ಪಿನ ಸಲಾಡು, ಅಷ್ಟೆ. ಮಂದವಾದ ಬೆಳಕು, ಕಪ್ಪು ಮರದ ಹಲಗೆ ಬಡಿದ ಗೋಡೆ, ಚರ್ಮ ಹೊದಿಸಿದ ಆಸನ. ಊಟಕ್ಕೆ ಬಂದವನನ್ನು ಎಬ್ಬಿಸುವ ಆತುರ ಯಾರಿಗೂ ಇಲ್ಲ. ನಮ್ಮಲ್ಲಿ ಒಂದು ಮೇಜಿಗೆ ಮಧ್ಯಾಹ್ನದೊಳಗೆ ಎಂಟು ಪಂಕ್ತಿ ತಿರುಗಬೇಕು. ಅಲ್ಲಿ ಸಂಜೆಯೊಂದಕ್ಕೆ ಎರಡು ಪಂಕ್ತಿಯಾದರೆ ಧಣಿಗೆ ತೃಪ್ತಿ. ಎರಡೂ ಲೆಕ್ಕ ಸರಿಯೇ. ಇಡ್ಲಿಯ ಬೆಲೆಯೂ ಸ್ಟೇಕಿನ ಬೆಲೆಯೂ ಒಂದೇ ಅಲ್ಲವಲ್ಲ.

ಅಡಿಗೆಯ ಗುಟ್ಟು ಎಲ್ಲವೂ ಕಾಯುವುದರಲ್ಲಿದೆ. ನಮ್ಮ ದೋಸೆಹಿಟ್ಟು ರಾತ್ರಿಯಿಡೀ ಹುಳಿಯಬೇಕಾದಂತೆ ಒಳ್ಳೆಯ ಸ್ಟೇಕಿನ ಮಾಂಸವೂ ಹಣ್ಣಾಗಬೇಕು. ನೀರು ಹೆಪ್ಪುಗಟ್ಟುವ ಶೀತಕ್ಕಿಂತ ತುಸು ಮೇಲಿನ ತಂಪಿನ ಕೋಣೆಯಲ್ಲಿ ಮೂರು ನಾಲ್ಕು ವಾರ ಅದನ್ನು ತೂಗಹಾಕುತ್ತಾರೆ. ಒಳಗಿನ ಜೀವರಸಗಳೇ ನಾರನ್ನು ಸಡಿಲಿಸುತ್ತವೆ. ನೀರಿನಂಶ ಆರಿ ರುಚಿ ಗಟ್ಟಿಯಾಗುತ್ತದೆ. ಆರಿದಷ್ಟು ತೂಕ ನಷ್ಟ, ಮೇಲಿನ ಒಣಗಿದ ಪದರವನ್ನು ಕೆತ್ತಿ ಎಸೆದದ್ದೂ ನಷ್ಟ. ಬಿಲ್ಲು ದೊಡ್ಡದಾಗುವುದು ಅದಕ್ಕೇ. ‘ದ ಡರ್ಬಿ’ಗೆ ಹೆಸರು ತಂದ ತುಂಡು ‘ಫಿಲೆ ಮಿನ್ಯಾನ್’ ಎಂಬುದು. ಬೆನ್ನೆಲುಬಿನ ಒಳಮಗ್ಗುಲಲ್ಲಿ ಬಹುಮಟ್ಟಿಗೆ ಕೆಲಸವೇ ಇಲ್ಲದೆ ಬಿದ್ದಿರುವ ಸ್ನಾಯುವೊಂದರಿಂದ ಅದನ್ನು ಕತ್ತರಿಸುತ್ತಾರೆ. ದುಡಿಯದ ಸ್ನಾಯುವಾದ್ದರಿಂದ ಅದು ಬೆಣ್ಣೆಯಂತೆ ಮೃದು. ಆದರೆ ಕೊಬ್ಬಿಲ್ಲದ್ದರಿಂದ ರುಚಿ ಸಪ್ಪೆ. ಅದಕ್ಕಾಗಿ ಉಪ್ಪು ಹಾಕಿ ಹೊಗೆಯಾಡಿಸಿದ ಹಂದಿಮಾಂಸದ ತೆಳುಪಟ್ಟಿಯನ್ನು ಸೊಂಟಪಟ್ಟಿಯಂತೆ ಸುತ್ತಿ ಸುಡುತ್ತಾರೆ. ದುಡಿದ ಮಾಂಸಕ್ಕೆ ರುಚಿ, ದುಡಿಯದ ಮಾಂಸಕ್ಕೆ ಬೆಲೆ!

ಬೇಯಿಸುವ ಹದವನ್ನು ಗಿರಾಕಿಯೇ ಹೇಳಬೇಕು. ಒಳಗೆ ಕೆಂಪಾಗಿಯೇ ಉಳಿಯಬೇಕೆಂದರೆ ಮಾಂಸದ ನಡುವಿನ ಉಷ್ಣತೆ ಸುಮಾರು 52 ಡಿಗ್ರಿ, ಮಧ್ಯಮ ಹದಕ್ಕೆ 60, ಪೂರ್ತಿ ಬೆಂದಿರಬೇಕೆಂದರೆ 70ರ ಮೇಲೆ. ಅಗ್ಗಿಷ್ಟಿಕೆಯಿಂದ ಇಳಿಸಿದ ಮೇಲೆಯೂ ಐದಾರು ನಿಮಿಷ ಬಿಡಬೇಕು. ಕೂಡಲೆ ಕೊಯ್ದರೆ ರಸವೆಲ್ಲ ತಟ್ಟೆಗೆ ಹರಿಯುತ್ತದೆ. ಒಂದೇ ಮೇಜಿನ ಆರು ಮಂದಿ ಆರು ಹದ ಹೇಳಿದರೆ ಆರೂ ತಟ್ಟೆ ಒಟ್ಟಿಗೆ ಹೊರಡಬೇಕು. ಏಕಕಾಲದಲ್ಲಿ ಮೂರು ಕಾವಲಿಯ ಮೇಲೆ ಮಸಾಲೆ, ಸಾದಾ, ರವೆದೋಸೆಗಳನ್ನು ನೋಡಿಕೊಳ್ಳುವ ನಮ್ಮವರಿಗೆ ಇದರಲ್ಲಿ ಹೊಸತೇನೂ ಕಾಣಿಸಲಿಕ್ಕಿಲ್ಲ.

ಬಡಿಸುವವರ ವಿಚಾರದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಅಮೆರಿಕದಲ್ಲಿ ಬಿಲ್ಲಿನ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟನ್ನು ಭಕ್ಷೀಸಾಗಿ ಇಡುವುದು ರೂಢಿ. ಇಡದವನು ಮತ್ತೊಮ್ಮೆ ಮುಖವೆತ್ತಿ ಬರುವಂತಿಲ್ಲ. ಎಷ್ಟೋ ಪ್ರಾಂತಗಳಲ್ಲಿ ಈ ಭಕ್ಷೀಸನ್ನು ನೆಪ ಮಾಡಿ ಧಣಿಗಳು ಕನಿಷ್ಠ ಸಂಬಳಕ್ಕಿಂತ ಕಡಮೆ ಕೊಡಲು ಕಾನೂನೇ ಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ: ಕನಿಷ್ಠ ಸಂಬಳ ಪೂರ್ತಿ ಕೊಡಬೇಕು, ಭಕ್ಷೀಸು ಬಡಿಸಿದವರದೇ, ಧಣಿ ಅದಕ್ಕೆ ಕೈ ಹಚ್ಚುವಂತಿಲ್ಲ. ಗಲ್ಲಾದ ಪಕ್ಕದ ಡಬ್ಬಿಯ ಲೆಕ್ಕ ಯಾರಿಗೆ ಸಲ್ಲಬೇಕೆಂದು ತಲೆ ಕೆರೆದುಕೊಂಡಿರುವ ನಮ್ಮ ಸಪ್ಲಾಯರರು ಇದನ್ನು ಗಮನಿಸಬೇಕು.

ವುಲ್ಫ್ ಈ ಮನೆಯನ್ನು ಕೊಂಡ 1938 ಅವನ ಬದುಕಿನ ಮಹಾವರ್ಷ. ಸೀಬಿಸ್ಕಿಟ್ ಎಂಬ ಕುದುರೆಯ ಹೆಸರನ್ನು ವಾಚಕರಲ್ಲಿ ಕೆಲವರು ಕೇಳಿರಬಹುದು. 2003ರಲ್ಲಿ ಅದೇ ಹೆಸರಿನ ಚಲನಚಿತ್ರವೂ ಬಂದಿತು. ಗಿಡ್ಡನೆಯ ದೇಹ, ನೆಟ್ಟಗಿಲ್ಲದ ಮೊಣಕಾಲು, ಸೋಮಾರಿ ಎಂಬ ಅಪಕೀರ್ತಿ. ಮೋಟಾರು ವ್ಯಾಪಾರಿಯಾದ ಚಾರ್ಲ್ಸ್ ಹೋವರ್ಡ್ 1936ರಲ್ಲಿ ಅದನ್ನು ಸುಮಾರು 8,000 ಡಾಲರಿಗೆ ಕೊಂಡ. ಟಾಮ್ ಸ್ಮಿತ್ ಎಂಬ ಮಿತಭಾಷಿ ಅದನ್ನು ತಿದ್ದಿದ. ಒಂದು ಕಣ್ಣು ಕಾಣದಿದ್ದುದನ್ನು ಲೋಕದಿಂದ ಮುಚ್ಚಿಟ್ಟಿದ್ದ ರೆಡ್ ಪೊಲಾರ್ಡ್ ಎಂಬ ಜಾಕಿ ಅದನ್ನು ಓಡಿಸಿದ. 1938ರಲ್ಲಿ ಪೊಲಾರ್ಡನು ಬಿದ್ದು, ಎದ್ದು, ಮತ್ತೆ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದಾಗ ಅವನ ಹಳೆಯ ಮಿತ್ರನಾದ ವುಲ್ಫನೇ ಆ ಕುದುರೆಯನ್ನು ಏರಿದ.

ಅತ್ತ ದೇಶದ ಪೂರ್ವತೀರದಲ್ಲಿ ವಾರ್ ಅಡ್ಮಿರಲ್ ಎಂಬ ಕುದುರೆ 1937ರಲ್ಲಿ ಅಮೆರಿಕದ ಮೂರು ಮಹಾಪಂದ್ಯಗಳನ್ನೂ ಗೆದ್ದು ಮೆರೆಯುತ್ತಿತ್ತು. ಎರಡನ್ನೂ ಜೋಡಿಯಾಗಿ ಓಡಿಸಬೇಕೆಂದು ಜನ ಕೂಗೆಬ್ಬಿಸಿದರು. 1938ರ ನವೆಂಬರ್ 1ರಂದು ಬಾಲ್ಟಿಮೋರ್ ನಗರದ ಪಿಮ್ಲಿಕೊ ಮೈದಾನದಲ್ಲಿ ಆ ಓಟ ನಡೆಯಿತು. ದೂರ ಒಂದೂಕಾಲು ಮೈಲಿಗೆ ಸ್ವಲ್ಪ ಕಡಮೆ. ಇಬ್ಬರಿಗೂ ಸಮಭಾರ, 120 ಪೌಂಡು. ಪಣದವರೆಲ್ಲ ವಾರ್ ಅಡ್ಮಿರಲ್ಲಿನ ಕಡೆ. ಅದರ ಮೇಲೆ ನಾಲ್ಕು ಡಾಲರು ಕಟ್ಟಿದವನಿಗೆ ಗೆದ್ದರೂ ಒಂದೇ ಡಾಲರಿನ ಲಾಭ. ರೇಡಿಯೊದ ಮುಂದೆ ಕುಳಿತವರು ಸುಮಾರು 4 ಕೋಟಿ ಎಂದು ಅಂದಾಜು.

ಆರಂಭದಲ್ಲಿಯೇ ಮುಂದೆ ನುಗ್ಗುವುದು ವಾರ್ ಅಡ್ಮಿರಲ್ಲಿನ ಪದ್ಧತಿ, ಹಿಂದಿನಿಂದ ಬರುವುದು ಸೀಬಿಸ್ಕಿಟ್ಟಿನ ಪದ್ಧತಿ. ಸ್ಮಿತ್ ಗುಟ್ಟಾಗಿ ಗಂಟೆ ಬಾರಿಸಿ ಬಾರಿಸಿ ತನ್ನ ಕುದುರೆಗೆ ಗಂಟೆಯ ಸದ್ದಿಗೆ ಚಿಮ್ಮುವುದನ್ನು ಕಲಿಸಿದ್ದ. ಓಟದ ಗಂಟೆ ಮೊಳಗಿದ್ದೇ ತಡ, ಎಲ್ಲರೂ ಬೆರಗಾಗುವಂತೆ ಸೀಬಿಸ್ಕಿಟ್ ಮುಂದಾಯಿತು. ಆದರೆ ನಡುದಾರಿಯಲ್ಲಿ ವುಲ್ಫ್ ಇನ್ನೂ ವಿಚಿತ್ರವಾದ ಕೆಲಸ ಮಾಡಿದ. ಎದುರಾಳಿಗೆ ತನ್ನ ಮಗ್ಗುಲಿಗೆ ಬರಲು ಬಿಟ್ಟ. ಇದು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಪೊಲಾರ್ಡನು ಹೇಳಿಕೊಟ್ಟ ಉಪಾಯ: ಎದುರಾಳಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಂಡರೆ ಸೀಬಿಸ್ಕಿಟ್ಟಿಗೆ ರೋಷ ಉಕ್ಕುತ್ತದೆ ಎಂದು ಅದನ್ನು ಬಲ್ಲವನು ಅವನೊಬ್ಬನೇ. ಎರಡು ಕುದುರೆಗಳೂ ತಲೆಗೆ ತಲೆ ಸೇರಿಸಿ ಓಡಿದವು. ಕೊನೆಯ ನೇರದಾರಿಯಲ್ಲಿ ಸೀಬಿಸ್ಕಿಟ್ ಕಿತ್ತುಕೊಂಡು ಹೊರಟಿತು. ನಾಲ್ಕು ಕುದುರೆಯುದ್ದ ಮುಂದಾಗಿ, ಆ ಮೈದಾನದ ದಾಖಲೆಯನ್ನೇ ಮುರಿದು ಗೆದ್ದಿತು. ಪರರ ಕುದುರೆ, ಗೆಳೆಯನ ಉಪಾಯ, ತನ್ನ ಧೈರ್ಯ. ಪೊಲಾರ್ಡ್ ಕಾಲು ಕೂಡಿಸಿಕೊಂಡು ಬಂದು 1940ರಲ್ಲಿ ಸಾಂತಾ ಅನಿಟಾದ ದೊಡ್ಡ ಪಂದ್ಯವನ್ನು ಅದೇ ಕುದುರೆಯ ಮೇಲೆ ಗೆದ್ದುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಇಲ್ಲವಾದರೆ ವಾಚಕರಿಗೆ ಅವನ ಚಿಂತೆ ಉಳಿದೀತು.

ಆ ವರ್ಷದಿಂದ ವುಲ್ಫನ ಭೋಜನಶಾಲೆ ರೇಸಿನ ಜನರ ಬೀಡಾಯಿತು. ಕುದುರೆಯ ಮಾಲಕರು, ತರಬೇತಿಯವರು, ಗೆದ್ದವರು, ಸೋತವರು ಅಲ್ಲಿ ಸೇರುತ್ತಿದ್ದರು. ಹಸಿದು ಹಸಿದು ಪಂದ್ಯ ಮುಗಿಸಿದ ಜಾಕಿಯೊಬ್ಬನು ಅಂಥ ಮನೆಯ ಬಾಗಿಲನ್ನು ತೆರೆದಾಗ ಅವನ ಮೂಗಿಗೆ ಬಡಿಯುವ ಸುಟ್ಟ ಕೊಬ್ಬಿನ ವಾಸನೆಯನ್ನು ನಾವು ಊಹಿಸಿಕೊಳ್ಳಬಲ್ಲೆವು. ಮರುದಿನ ಬೆಳಿಗ್ಗೆ ಮತ್ತೆ ತಕ್ಕಡಿ ಕಾದಿರುತ್ತದೆ ಎಂಬ ನೆನಪನ್ನೂ ಊಹಿಸಬಲ್ಲೆವು. ತೂಕದ ಭಯವನ್ನು ಅರಿತ ಧಣಿಯೊಬ್ಬನು ಅಲ್ಲಿದ್ದನೆಂಬುದು ಅವರಿಗೆ ಎಷ್ಟು ಸಮಾಧಾನವೋ ನಾವು ಅರಿಯೆವು. ಜಾಕಿಗಳು ಬಿದ್ದರೆ ಸತ್ತರೆ ಸಂಸಾರದ ಗತಿಯೇನು ಎಂಬ ಪ್ರಶ್ನೆಗೆ ಆ ತನಕ ಕೇಳುವವರೇ ಇರಲಿಲ್ಲ. 1940ರಲ್ಲಿ ಅಮೆರಿಕದ ಜಾಕಿಗಳು ತಮ್ಮದೇ ಸಂಘವನ್ನು ಕಟ್ಟಿಕೊಂಡರು.

ಯುದ್ಧಕಾಲದ ಒಂದು ಕಪ್ಪುಚುಕ್ಕೆಯನ್ನು ಮರೆಮಾಡುವುದು ಸರಿಯಲ್ಲ. 1942ರಲ್ಲಿ ಅಮೆರಿಕದ ಸರಕಾರ ತನ್ನ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ, ಅಲ್ಲಿಯೇ ಹುಟ್ಟಿ ಬೆಳೆದ ಪ್ರಜೆಗಳನ್ನು ಸಹ, ಮನೆಮಠಗಳಿಂದ ಎಬ್ಬಿಸಿತು. ಸಾಂತಾ ಅನಿಟಾದಲ್ಲಿ ರೇಸು ನಿಂತಿತು. 18,000ಕ್ಕೂ ಹೆಚ್ಚು ಜನರನ್ನು ಅಲ್ಲಿಗೆ ತಂದು ತುಂಬಿದರು. ಅವರಲ್ಲಿ ಸಾವಿರಾರು ಮಂದಿ ವಾಸಮಾಡಿದ್ದು ಕುದುರೆಲಾಯದ ಕಟಕಟೆಗಳಲ್ಲಿ. ನೆಲವನ್ನು ತೊಳೆದರೂ ಲದ್ದಿಯ ವಾಸನೆ ಹೋಗಿರಲಿಲ್ಲವೆಂದು ಅಲ್ಲಿದ್ದವರು ಬರೆದಿದ್ದಾರೆ. ಊರುಬಿಟ್ಟು ಬಂದು ಪರಭಾಷೆಯ ನಾಡಿನಲ್ಲಿ ಅಂಗಡಿ ಹೋಟೆಲು ಕಟ್ಟಿದವರಿಗೆ ಈ ಸುದ್ದಿ ಓದುವಾಗ ಮೈ ಸ್ವಲ್ಪ ತಣ್ಣಗಾಗದಿರದು. 1945ರಲ್ಲಿ ಕುದುರೆಗಳು ಮರಳಿ ಬಂದವು.

1946ರ ಜನವರಿ 3ರಂದು ಸಾಂತಾ ಅನಿಟಾದ ನಾಲ್ಕನೆಯ ಓಟದಲ್ಲಿ ವುಲ್ಫ್ ಒಂದು ಸಾಮಾನ್ಯ ಕುದುರೆಯನ್ನು ಏರಿದ್ದ. ಮೊದಲ ತಿರುವಿನ ಸಮೀಪದಲ್ಲಿ ಅವನು ಜೀನಿನಿಂದ ಜಾರಿ ಬಿದ್ದ. ಕುದುರೆ ಎಡವಿದ್ದಿಲ್ಲ, ಯಾರೂ ಡಿಕ್ಕಿ ಹೊಡೆದದ್ದಿಲ್ಲ. ತಲೆಗೆ ಪೆಟ್ಟಾಗಿತ್ತು, ಮರುದಿನ ತೀರಿಕೊಂಡ. ವಯಸ್ಸು ಮೂವತ್ತೈದು. ಮಧುಮೇಹವೂ ತೂಕ ಇಳಿಸುವ ಉಪವಾಸವೂ ಸೇರಿ ಕಣ್ಣುಕತ್ತಲೆ ಬಂದಿರಬೇಕು ಎಂಬುದು ಅಂದಿನಿಂದ ಇಂದಿನವರೆಗೂ ರೇಸಿನವರ ನಂಬಿಕೆ. ಅವನು ಬಿದ್ದ ಜಾಗದಿಂದ ಅವನದೇ ಅಡಿಗೆಮನೆ ಹೆಚ್ಚು ದೂರವೇನೂ ಇರಲಿಲ್ಲ. ಅಂದು ಸಂಜೆಗೆಂದು ಅಲ್ಲಿ ಯಾರೋ ಆಲೂಗಡ್ಡೆ ತೊಳೆದಿಟ್ಟಿರಬೇಕು.

ಅವನ ಪತ್ನಿ ಜೆನೆವೀವ್ ಭೋಜನಶಾಲೆಯನ್ನು ಮುಚ್ಚಲಿಲ್ಲ. ಕೆಲವು ವರ್ಷ ತಾನೇ ನಡೆಸಿದಳು. ಗಂಡ ಸತ್ತ ಮೇಲೆ ಗಲ್ಲಾದಲ್ಲಿ ಕುಳಿತ ಹೆಂಗಸರನ್ನು ನಮ್ಮ ಹೋಟೆಲು ಪ್ರಪಂಚವೂ ಕಂಡಿದೆ. ಅಡಿಗೆಯವರ ಜಗಳ, ತರಕಾರಿಯವನ ಬಾಕಿ, ನಷ್ಟದ ತಿಂಗಳು ಇವುಗಳ ಜೊತೆಗೆ ಬರುವ ಪ್ರತಿಯೊಬ್ಬ ಗಿರಾಕಿಯೂ ಸತ್ತವನ ಸುದ್ದಿ ತೆಗೆಯುತ್ತಾನೆ. ಅದಕ್ಕೂ ಉತ್ತರ ಕೊಟ್ಟು ಬಿಲ್ಲನ್ನೂ ಬರೆಯಬೇಕು. ಅವಳನ್ನು ಕುರಿತು ಪುಸ್ತಕಗಳಲ್ಲಿ ಒಂದೆರಡು ಸಾಲಿಗಿಂತ ಹೆಚ್ಚಿಲ್ಲದಿರುವುದು ನಮಗೆ ಸರಿಕಾಣಲಿಲ್ಲ.

1950ರ ದಶಕದ ಆರಂಭದಲ್ಲಿ ಆ ಮನೆ ಸ್ಟರ್ನಿಯೋಲೋ ಎಂಬ ಕುಟುಂಬದ ಕೈಗೆ ಹೋಯಿತು. ಅವರು ಹೆಸರನ್ನೂ ಬದಲಿಸಲಿಲ್ಲ, ಗೋಡೆಗಳನ್ನೂ ಬರಿದು ಮಾಡಲಿಲ್ಲ. ವುಲ್ಫನ ಚಿತ್ರಗಳು, ಸೀಬಿಸ್ಕಿಟ್ಟಿನ ಚಿತ್ರಗಳು, ಜಾಕಿಗಳ ಬಣ್ಣಬಣ್ಣದ ರೇಶಿಮೆ ಅಂಗಿಗಳು, ಗೆದ್ದ ಕುದುರೆಗಳ ಫೋಟೋಗಳು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋದವು. ಹೊಸ ಧಣಿ ಬಂದ ಮರುದಿನವೇ ಹಳೆಯ ಧಣಿಯ ಫೋಟೋ ಗೋಡೆಯಿಂದಿಳಿದು ಅಟ್ಟ ಸೇರುವುದನ್ನು ನಾವು ಮುಂಬಯಿಯಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಆದ್ದರಿಂದ ಸಂಬಂಧವೇ ಇಲ್ಲದ ಕುಟುಂಬವೊಂದು ಸತ್ತ ಜಾಕಿಯನ್ನು ಇಷ್ಟು ದಶಕ ಮನೆಯ ಹಿರಿಯನಂತೆ ನೋಡಿಕೊಂಡದ್ದು ನಮಗೆ ಅಲ್ಲಿಯ ಸ್ಟೇಕಿಗಿಂತ ದೊಡ್ಡ ವಿಷಯವಾಗಿ ಕಂಡಿತು.

ಕುದುರೆಯ ಮಾತೆತ್ತಿದ ಮೇಲೆ ಮಹಾಲಕ್ಷ್ಮಿಯನ್ನು ಬಿಡಲಾಗದು. ಅಲ್ಲಿಯ ರೇಸ್‌ಕೋರ್ಸು 1883ರಷ್ಟು ಹಳೆಯದು. ಕನ್ನಡ ನಾಡಿನ ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ನೆಲದಿಂದ ಬಂದ ಕುದುರೆಗಳೂ ದೇಶದ ಮೈದಾನಗಳಲ್ಲಿ ಓಡಿವೆ. ಸಂಬಳವಾದ ವಾರ ಪುಸ್ತಕ ಹಿಡಿದು ಲೋಕಲ್ ಗಾಡಿಯಲ್ಲಿ ಅತ್ತ ಹೊರಟು, ರಾತ್ರಿ ನಡೆದುಕೊಂಡು ಕೋಣೆಗೆ ಬಂದ ಗುಮಾಸ್ತರನ್ನು ನಾವೂ ಬಲ್ಲೆವು. ಅವರಲ್ಲಿ ಒಬ್ಬರ ಎರಡು ತಿಂಗಳ ಮೆಸ್ಸಿನ ಬಾಕಿಯನ್ನು ಗೆಳೆಯರೆಲ್ಲ ಸೇರಿ ತೀರಿಸಿದ್ದೂ ನೆನಪಿದೆ. ಕುದುರೆಯ ಮೇಲೆ ಹಣ ಕಟ್ಟುವವನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕುದುರೆಯ ಮೇಲೆ ಹಸಿದು ಕುಳಿತವನ ಕಥೆ ನಮ್ಮಲ್ಲಿ ಕೇಳಿಬಂದದ್ದು ಕಡಮೆ. ಇಲ್ಲಿಯ ಜಾಕಿಗಳಿಗೂ ತಕ್ಕಡಿಯುಂಟು.

1949ರಲ್ಲಿ ಸಾಂತಾ ಅನಿಟಾದಲ್ಲಿ ವುಲ್ಫನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. 1950ರಿಂದ ಅವನ ಹೆಸರಿನಲ್ಲಿ ವರ್ಷಕ್ಕೊಬ್ಬ ಜಾಕಿಗೆ ಪ್ರಶಸ್ತಿ ಕೊಡುತ್ತ ಬಂದಿದ್ದಾರೆ. ಎಷ್ಟು ಪಂದ್ಯ ಗೆದ್ದನೆಂಬುದೊಂದನ್ನೇ ಅಲ್ಲ, ಹೇಗೆ ಬಾಳಿದನೆಂಬುದನ್ನೂ ಅದಕ್ಕೆ ನೋಡುತ್ತಾರೆ. ಪಡೆದವನ ಕೈಗೆ ಸಿಗುವುದು ಆ ಪ್ರತಿಮೆಯ ಸಣ್ಣ ಪ್ರತಿಕೃತಿ. ಮತ ಹಾಕುವವರು ಮಾಲಕರಲ್ಲ, ಪಣ ಕಟ್ಟುವವರಲ್ಲ. ದೇಶದ ಇತರ ಜಾಕಿಗಳು. ಒಬ್ಬನಿಗೆ ಜೀವಮಾನದಲ್ಲಿ ಒಂದೇ ಸಲ.